ಪರಿಚಯ ಮೇಷ್ಟ್ರಿಗೆ ಒಂದು ಕರೆ

ತಾರಸಿಯ ನೀರಿನ ಟ್ಯಾಂಕಿಗೆ ಆನಿಸಿದ್ದ ಏಣಿಯನ್ನು ಅರ್ಧ ಹತ್ತಿ ನಿಂತು ಅವಳು ಮೊಬೈಲಿನಲ್ಲಿ ಮತ್ತೆ ವಿಡಿಯೋ ಕರೆ ಒತ್ತಿದಳು. ಅಪ್ಪನ ಅಕ್ಕ, ಅವಳ ಅತ್ತೆಯ ಮುಖ ಬರಬೇಕಾದಲ್ಲಿ ಅದೇ ಸಾಲು ಬಂತು: ಈ ಸಂಖ್ಯೆಯಿಂದ ಕರೆ ಮಾಡಲು ಅನುಮತಿಯಿಲ್ಲ.

"ಅನುಮತಿ ಅಂತೆ, ಅನುಮತಿ," ಎಂದು ಹಲ್ಲು ಕಚ್ಚಿದಳು.

ಹಿಂದಿನ ಬೀದಿಯಲ್ಲಿ ಗೋದಾಮು ಎದ್ದಮೇಲೆ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಹತ್ತುತ್ತಿರಲಿಲ್ಲ. ಮಾತಾಡಬೇಕೆಂದರೆ ಈ ಏಣಿ, ಇಲ್ಲವೇ ಒಳಗೆ ಅಪ್ಪನ ವೈಫೈ. ಆ ವೈಫೈ ಇವತ್ತು ಉಸಿರಾಡುವ ಸ್ಥಿತಿಯಲ್ಲಿರಲಿಲ್ಲ. ತೀರಿಹೋದ ಅಪ್ಪನ ಮುಖ ನೋಡಲು ಬಂದವರೆಲ್ಲ ಮುಖ ನೋಡಿ, ಕಣ್ಣೊರೆಸಿಕೊಂಡು, ಆಮೇಲೆ ಮೆಲ್ಲಗೆ ಪಾಸ್‌ವರ್ಡ್ ಕೇಳಿದ್ದರು. ಹೇಳಿ ಹೇಳಿ ಸುಸ್ತಾದ ಮಾವ ಕೊನೆಗೆ ಚಪ್ಪಲಿ ಬಿಡುವ ಜಾಗದ ಗೋಡೆಯ ಮೇಲೆ ಅದನ್ನು ಸೀಮೆಸುಣ್ಣದಲ್ಲಿ ಬರೆದೇ ಬಿಟ್ಟಿದ್ದ.

ಆ ಮಾವನೇ, ಅಮ್ಮನ ತಮ್ಮ, ಈಗ ಏಣಿಯ ಬುಡದಲ್ಲಿ ಕತ್ತೆತ್ತಿ ನಿಂತಿದ್ದ.

"ಸಿಕ್ಕಿದ್ರಾ?"

"ಇಲ್ಲ ಮಾವ."

"ನನ್ನ ಫೋನಲ್ಲಿ ನೋಡು. ಹೊಸದು, ಚೆನ್ನಾಗಿ ಹಿಡಿಯುತ್ತೆ."

"ಹಿಡಿಯೋ ಪ್ರಶ್ನೆ ಅಲ್ಲ ಮಾವ. ಅತ್ತೆ ಹತ್ರ ಇರೋ ಟ್ಯಾಬ್ಲೆಟ್ಟಿಗೆ ಅಪ್ಪನ ನಂಬರ್ ಬಿಟ್ಟು ಬೇರೆ ಯಾರದೂ ಹೋಗಲ್ಲ. ಅಪ್ಪನೇ ಹಾಗೆ ಮಾಡಿಟ್ಟಿದಾರೆ."

"ಸರಿ, ಭಾವನ ಫೋನಿಂದಲೇ ಮಾಡು. ಅದಕ್ಕೇನು ತಲೆಕೆಡಿಸ್ಕೋತೀಯ?"

"ಅದಕ್ಕೆ ಲಾಕ್ ಇದೆ."

"ಬೆರಳಿಟ್ರೆ ತೆಗೆಯುತ್ತಂತಲ್ಲ…" ಎಂದವನು, ತಾನು ಏನು ಹೇಳುತ್ತಿದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

"ಅವರು ಬೆರಳು ಹಾಕಿರಲಿಲ್ಲ. ಬೆರಳನ್ನ ನಂಬಬಾರದು ಅಂತಿದ್ರು. ಎಲ್ಲ ತಲೇಲೇ ಇಟ್ಕೊಂಡಿದ್ರು."

ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಒಂದು ಯಂತ್ರ ಇನ್ನೊಂದು ಯಂತ್ರದೊಡನೆ ಹೇಗೆ ಮಾತಾಡುತ್ತದೆಂದು ಹೇಳಿಕೊಟ್ಟ ಮನುಷ್ಯ, ಸ್ವಂತ ಹೆಂಡತಿಗೆ ಒಂದು ಫೋನಿನ ಗುಟ್ಟು ಹೇಳದೆ ಹೋಗಿದ್ದ. ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅತ್ತೆ ಇರುವ ವೃದ್ಧಾಶ್ರಮಕ್ಕೆ ಸಾದಾ ಕರೆ ಮಾಡಿದಳು. ಕಚೇರಿಯ ಮೇಜಿನ ಫೋನನ್ನು ಮೇಟ್ರನ್ ಎತ್ತಿಕೊಂಡರು.

"ನಾನೇ, ಮೇಷ್ಟ್ರ ಮಗಳು. ಅತ್ತೆ ಹೇಗಿದಾರೆ?"

"ಏನು ಹೇಳ್ಲಿ ಕಣಮ್ಮ. ರಾತ್ರಿ ಊಟ ಇಲ್ಲ, ಬೆಳಗ್ಗೆ ಕಾಫಿ ಮುಟ್ಟಿಲ್ಲ. ಎಲ್ಲಾನೂ ಬಿಡಿಸಿ ಹೇಳಿದ್ರೂ ‘ಸುಳ್ಳು, ಅವನೇ ಫೋನ್ ಮಾಡಿ ಹೇಳಲಿ’ ಅಂತಾರೆ. ನಾನು ಸಮಾಧಾನ ಮಾಡೋಕೆ ಹೋದ್ರೆ ನನ್ನನ್ನೇ ಕಳ್ಳಿ ಅಂದ್ರು."

"ನಿಮ್ಮ ಮೊಬೈಲಲ್ಲಿ ಒಂದು ಸಲ ಅಪ್ಪನ ಮುಖ ತೋರಿಸೋಕಾಗಲ್ವಾ?"

"ಡ್ಯೂಟಿಗೆ ಬರುವಾಗಲೇ ನಮ್ಮ ಮೊಬೈಲೆಲ್ಲ ಬೀರೂಲಿಟ್ಟು ಬೀಗ ಹಾಕ್ತಾರೆ. ಕೀ ಮ್ಯಾನೇಜರ್ ಹತ್ರ. ಅವರು ಬರೋದು ಸಂಜೆಗೆ."

ಸಂಜೆಗೆ ಏನೂ ಉಳಿದಿರುವುದಿಲ್ಲ. ಚಿತಾಗಾರದವರು ಕೊಟ್ಟ ಸಮಯ ಹನ್ನೊಂದು. ವ್ಯಾನು ಅದಕ್ಕೂ ಮೊದಲೇ ಬರುತ್ತದೆ.

*

ಅತ್ತೆ ಸೊಂಟ ಮುರಿದುಕೊಂಡದ್ದೂ ಒಂದು ಫೋನಿನಿಂದಲೇ.

ಎರಡು ವರ್ಷದ ಹಿಂದೆ, ಅವರು ಇನ್ನೂ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದಾಗ, ಯಾವನೋ ಫೋನ್ ಮಾಡಿ "ನಿಮ್ಮ ತಮ್ಮನಿಗೆ ಆಕ್ಸಿಡೆಂಟ್ ಆಗಿದೆ, ಉಳಿಯೋದು ಕಷ್ಟ, ಕೂಡಲೇ ಕಾರ್ಡಿನ ನಂಬರ್ ಹೇಳಿ" ಎಂದಿದ್ದ. ಅತ್ತೆ ನಂಬರ್ ಹೇಳಲಿಲ್ಲ. ಫೋನನ್ನು ಅಲ್ಲೇ ಬಿಸಾಕಿ, ಬರಿಗಾಲಲ್ಲಿ ಮಹಡಿ ಇಳಿದು ತಮ್ಮನ ಬಳಿಗೆ ಓಡಹೊರಟರು. ಕೊನೆಯ ಮೆಟ್ಟಿಲಲ್ಲಿ ಜಾರಿದರು. ಆ ಹೊತ್ತಿಗೆ ತಮ್ಮ ಪಾಲಿಟೆಕ್ನಿಕ್ಕಿನ ಕರಿಹಲಗೆಯ ಮುಂದೆ, ಕೈಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡು, ಗಟ್ಟಿಮುಟ್ಟಾಗಿ ನಿಂತಿದ್ದ.

ಸೊಂಟದ ಮೂಳೆ ಕೂಡಲಿಲ್ಲ. ವೃದ್ಧಾಶ್ರಮ ಸೇರಿಸುವಾಗ ಅಪ್ಪ ಒಂದು ಟ್ಯಾಬ್ಲೆಟ್ ತಂದರು. ಅದರಲ್ಲಿದ್ದ ಆ್ಯಪ್‌ಗಳನ್ನೆಲ್ಲ ಅಳಿಸಿ, ಕರೆ ಮಾಡುವ ಒಂದನ್ನು ಮಾತ್ರ ಉಳಿಸಿದರು. ಪರದೆಯ ತುಂಬ ಅವರದೇ ಫೋಟೋ.

"ಇದನ್ನ ಮುಟ್ಟಿದ್ರೆ ನಾನು ಬರ್ತೀನಿ. ಬೇರೆ ಯಾರೂ ಇದರೊಳಗೆ ಬರೋಕಾಗಲ್ಲ."

"ಫೋಟೋ ಸ್ವಲ್ಪ ಚೆನ್ನಾಗಿರೋದು ಹಾಕಬಾರದೇನೋ? ಹಲ್ಲುನೋವು ಬಂದೋನ ಥರ ಇದೀಯ."

"ನಾನಿರೋದೇ ಹಾಗೆ. ಕೇಳಿಲ್ಲಿ ಅಕ್ಕ. ನನ್ನ ವಿಷಯ ಇನ್ನು ಯಾರೇ ಬಂದು ಏನೇ ಹೇಳಿದ್ರೂ ನಂಬಬೇಡ. ನನಗೇನಾದ್ರೂ ಆದ್ರೆ ನಾನೇ ಫೋನ್ ಮಾಡಿ ಹೇಳ್ತೀನಿ."

"ಸತ್ತೋದ್ರೂನಾ?"

"ಸತ್ತೋದ್ರೂ."

ಅಕ್ಕ ತಮ್ಮ ಇಬ್ಬರೂ ನಕ್ಕಿದ್ದರು. ಬಾಗಿಲಲ್ಲಿ ಅತ್ತೆಯ ಬಟ್ಟೆಯ ಚೀಲ ಹಿಡಿದು ನಿಂತಿದ್ದ ಅವಳಿಗೂ ನಗು ಬಂದಿತ್ತು.

ಅತ್ತೆ ಒಂದು ದಿನವೂ ಆ ಫೋಟೋ ಮುಟ್ಟಲಿಲ್ಲ. "ನೀನು ಪಾಠದಲ್ಲಿರ್ತೀಯ, ನಾನ್ಯಾಕೆ ನಡುವೆ ಬಾಯಿ ಹಾಕಲಿ" ಎನ್ನುತ್ತಿದ್ದರು. ಪ್ರತಿ ಸಂಜೆ ಅಪ್ಪನೇ ಕರೆಯುತ್ತಿದ್ದರು.

*

ನಡುಮನೆಯಲ್ಲಿ ಅಪ್ಪನನ್ನು ಮಂಚದ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ಅಮ್ಮ ಕುಳಿತಿದ್ದಳು. ಗೋಡೆಯುದ್ದಕ್ಕೂ ಕುರ್ಚಿಗಳು, ಕುರ್ಚಿಗಳಲ್ಲಿ ಬಗ್ಗಿದ ತಲೆಗಳು. ದೂರದಿಂದ ನೋಡಿದರೆ ಎಲ್ಲರೂ ದುಃಖದಲ್ಲಿ ಬಗ್ಗಿದ್ದಾರೆ ಎನ್ನಬೇಕು. ಹತ್ತಿರ ಹೋದರೆ ಒಬ್ಬೊಬ್ಬರ ಗಲ್ಲದ ಕೆಳಗೂ ನೀಲಿ ಬೆಳಕು.

ಪಾಲಿಟೆಕ್ನಿಕ್ಕಿನ ವಿಭಾಗದ ಮುಖ್ಯಸ್ಥ, ಒಂದು ಕಾಲದಲ್ಲಿ ಅಪ್ಪನ ವಿದ್ಯಾರ್ಥಿ, ಅವಳನ್ನು ಕಂಡು ಎದ್ದ.

"ಅಡಿಪಾಯ ಅಂದ್ರೆ ಅವರದು ಕಣಮ್ಮ. ‘ಕಂಪ್ಯೂಟರ್ ಜಾಲಗಳ ಪರಿಚಯ’ ಅನ್ನೋ ಪೇಪರನ್ನ ಅವರ ಹಾಗೆ ಹೇಳೋರು ಇನ್ನು ಹುಟ್ಟಬೇಕು. ಅದಕ್ಕೇ ಅಲ್ವಾ ಹುಡುಗರು ಪರಿಚಯ ಮೇಷ್ಟ್ರು ಅಂತ ಹೆಸರಿಟ್ಟಿದ್ದು."

ಅವಳು ತಲೆಯಾಡಿಸಿದಳು. ಎರಡನೇ ವರ್ಷದ ಮುಂದುವರಿದ ಪೇಪರನ್ನು ಒಮ್ಮೆಯಾದರೂ ಕೊಡಿ ಎಂದು ಅಪ್ಪ ಇದೇ ಮನುಷ್ಯನ ಕೋಣೆಯ ಹೊರಗೆ ಎಷ್ಟು ಸಲ ಕಾದಿದ್ದರು ಎನ್ನುವುದು ಬಾಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಅವಳ ಮಾತುಗಳು ಯಾವಾಗಲೂ ಹಾಗೆಯೇ; ಬಾಗಿಲವರೆಗೆ ಬಂದು, ಒಳಗೇ ತಿರುಗಿಬಿಡುತ್ತಿದ್ದವು.

"ರೂಟರ್ ಹಳೇದಾಯ್ತು ಅನ್ಸುತ್ತೆ," ಎಂದ ಮುಖ್ಯಸ್ಥ, ತನ್ನ ಫೋನನ್ನು ಅತ್ತಿತ್ತ ಅಲ್ಲಾಡಿಸುತ್ತ. "ತುಂಬಾ ನಿಧಾನ."

*

ಚಿಕ್ಕವಳಿದ್ದಾಗ ಶಾಲೆಯ ರಜೆಯಲ್ಲಿ ಅಪ್ಪ ಅವಳನ್ನು ತರಗತಿಗೆ ಕರೆದೊಯ್ಯುತ್ತಿದ್ದರು. ಮೊದಲ ಪಾಠಕ್ಕೆ ಅವರು ಹಲಗೆ ಮುಟ್ಟುತ್ತಿರಲಿಲ್ಲ. ಒಬ್ಬನನ್ನು ಈ ಮೂಲೆಯಲ್ಲಿ, ಇನ್ನೊಬ್ಬನನ್ನು ಆ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಲ್ಲಿಸುತ್ತಿದ್ದರು.

"ನೀನು ‘ಕೇಳಿಸ್ತಾ?’ ಅನ್ನು. ನೀನು ‘ಕೇಳಿಸ್ತು, ನಿನಗೆ?’ ಅನ್ನು. ಮತ್ತೆ ನೀನು ‘ಕೇಳಿಸ್ತು’ ಅನ್ನು. ಇಷ್ಟಾಗೋವರೆಗೂ ವಿಷಯಕ್ಕೆ ಕೈ ಹಾಕಬೇಡಿ. ಎರಡು ಯಂತ್ರ ಮಾತಾಡೋದು ಹೀಗೇ. ಮನುಷ್ಯರು ಮಾತ್ರ ಕೇಳಿಸ್ತಾ ಅಂತ ವಿಚಾರಿಸದೆ ಗಂಟೆಗಟ್ಟಲೆ ಕೊರೀತಾರೆ."

"ಉತ್ತರ ಬರದೇ ಇದ್ರೆ ಸಾರ್?" ಹಿಂದಿನ ಬೆಂಚಿನಿಂದ ಯಾರೋ.

"ಸ್ವಲ್ಪ ಕಾದು ಮತ್ತೆ ಕೇಳು. ಆಗಲೂ ಬರಲಿಲ್ಲವಾ, ಅದರ ಎರಡರಷ್ಟು ಕಾದು ಕೇಳು. ಮೇಲೆ ಬಿದ್ದು ಬಿದ್ದು ಕೇಳಿದ್ರೆ ದಾರಿ ಇನ್ನೂ ಕಟ್ಟಿಕೊಳ್ಳುತ್ತೆ."

ಈ ಪಾಠವನ್ನು ಅವರು ಮನೆಗೂ ತಂದಿದ್ದರು. ಸ್ನಾನದ ಮನೆಯಿಂದ "ಟವೆಲ್ ಕೊಡೇ, ಕೇಳಿಸ್ತಾ?" ಎಂದು ಕೂಗುವರು. ಟವೆಲು ಕೈಗೆ ಬಂದರೂ, ಕೇಳಿಸ್ತು ಎನ್ನುವ ಮಾತು ಬಾರದೆ ತೃಪ್ತಿಯಿಲ್ಲ. ಅಮ್ಮ ಒಂದು ದಿನವೂ ಅನ್ನಲಿಲ್ಲ. "ನಾನೇನು ನಿಮ್ಮ ಕ್ಲಾಸಿನ ಹುಡುಗೀನಾ, ಎದ್ದುನಿಂತು ಹಾಜರಿ ಹೇಳೋಕೆ?" ಎಂದು ಸಿಡುಕಿ ಟವೆಲನ್ನು ಬಾಗಿಲ ಮೇಲೆ ಎಸೆಯುತ್ತಿದ್ದಳು. ಮನಸ್ಸಿಟ್ಟು ಆಡುತ್ತಿದ್ದವರು ಅತ್ತೆ ಒಬ್ಬರೇ. ಸಂಜೆಯ ಕರೆ ಯಾವಾಗಲೂ ಆ ಮೂರು ಮಾತಿನಿಂದಲೇ ಶುರು.

*

"ವ್ಯಾನ್ ಬಂತು," ಎಂದ ಮಾವ.

ಚಾಲಕ ಬಾಗಿಲಿಗೆ ಬಂದು ನಿಂತ. ಇಂಜಿನ್ ನಿಲ್ಲಿಸಿರಲಿಲ್ಲ, ಅದರ ಗುರುಗುರು ನಡುಮನೆಗೆ ಬರುತ್ತಿತ್ತು. ಕುರ್ಚಿಗಳು ಸರಿದವು. ಅಮ್ಮ ಅಪ್ಪನ ಹೊದಿಕೆಯ ಮಡಿಕೆ ತೀಡುತ್ತ, "ನಿಮ್ಮತ್ತೆ?" ಎಂದಳು, ತಲೆ ಎತ್ತದೆ.

"ಆಗ್ತಿಲ್ಲಮ್ಮ."

"ನಿಮ್ಮಪ್ಪನ್ನ ಎತ್ತಿ ಆಡಿಸಿದವರು ಕಣೆ. ಮುಖ ನೋಡದೆ ಇದ್ರೆ ಅವರು ಸಾಯೋವರೆಗೂ ಸಂಜೆ ಆಯ್ತಂದ್ರೆ ಆ ಟ್ಯಾಬ್ಲೆಟ್ ಹಿಡ್ಕೊಂಡು ಕಾಯ್ತಾರೆ."

"ನಾನೇನು ಮಾಡ್ಲಮ್ಮ? ಎಲ್ಲಾದಕ್ಕೂ ಬೀಗ ಹಾಕ್ಕೊಂಡು ಹೋಗಿದಾರೆ!"

ಮಾತು ಇಷ್ಟು ಗಟ್ಟಿಯಾಗಿ ಹೊರಬಿದ್ದದ್ದಕ್ಕೆ ಅವಳೇ ಬೆಚ್ಚಿದಳು. ಆಗ ಕಿಟಕಿಯ ಕಟ್ಟೆಯ ಮೇಲೆ ಏನೋ ಗುಂಯ್ಗುಟ್ಟಿತು. ಅಪ್ಪನ ಫೋನು. ಆಸ್ಪತ್ರೆಯವರು ಕನ್ನಡಕದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟಿದ್ದನ್ನು ಅಮ್ಮ ರಾತ್ರಿ ಎಂದಿನ ಜಾಗದಲ್ಲೇ ಚಾರ್ಜಿಗೆ ಹಾಕಿದ್ದಳು, ಕೈಗೆ ರೂಢಿ. ಬೀಗ ಬಿದ್ದ ಪರದೆಯ ಮೇಲೆ ಒಂದು ಸಂದೇಶ ಬೆಳಗಿತ್ತು: ಸಾರ್, ನಾಳೆ ಕ್ಲಾಸ್ ಇದೆಯಾ?

ವಿಷಯ ಗೊತ್ತಿಲ್ಲದ ಯಾವನೋ ವಿದ್ಯಾರ್ಥಿ. ಅವಳು ಆ ಸಾಲನ್ನೇ ನೋಡಿದಳು. ಬೀಗ ಇದ್ದದ್ದು ಒಳಗಿನಿಂದ ಹೊರಗೆ ಹೋಗುವುದಕ್ಕೆ. ಹೊರಗಿನಿಂದ ಬರುವುದಕ್ಕಲ್ಲ.

ಮೆಟ್ಟಿಲು ಹತ್ತಿ, ಏಣಿ ಹತ್ತಿ, ಮತ್ತೆ ಮೇಟ್ರನ್.

"ಅತ್ತೆ ಕೈಲಿ ಆ ಫೋಟೋ ಮುಟ್ಟಿಸಿ."

"ಅದು ಯಾರಿಗೆ ಹೋಗುತ್ತೆ?"

"ಅಪ್ಪಂಗೆ."

"ಏನಮ್ಮ ನೀನು, ಓದಿರೋ ಹುಡುಗಿ… ಸತ್ತವರಿಗೆ ಫೋನ್ ಮಾಡಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಅಪ್ಪನ ಫೋನ್ ನನ್ನ ಕೈಲಿರುತ್ತೆ, ನಾನು ಎತ್ಕೋತೀನಿ. ಅತ್ತೆಗೆ ಮುಖ ಕಾಣುತ್ತೆ. ಒಂದೇ ಸಲ, ದಮ್ಮಯ್ಯ."

ಅವಳು ಕೆಳಗೆ ಬರುವಷ್ಟರಲ್ಲಿ ಕಿಟಕಿಯ ಕಟ್ಟೆ ನಡುಗುತ್ತಿತ್ತು. ಪರದೆಯ ಮೇಲೆ ಒಂದೇ ಪದ: ಅಕ್ಕ. ಕುರ್ಚಿಗಳಲ್ಲಿ ಗುಸುಗುಸು ನಿಂತಿತು. ಅವಳು ಎತ್ತಿಕೊಂಡಳು. ಚಕ್ರವೊಂದು ಸುತ್ತತೊಡಗಿತು. ಸುತ್ತಿತು, ಸುತ್ತಿತು, ಅತ್ತೆಯ ಹಣೆಯ ಒಂದು ತುಣುಕು ಕಂಡಂತಾಗಿ ಕರೆ ಕಡಿದುಹೋಯಿತು.

ಚಾಲಕ ಗಂಟಲು ಸರಿಮಾಡಿಕೊಂಡ. "ಮೇಡಂ, ನಮ್ಮ ಹಿಂದೆ ಇನ್ನೊಬ್ಬರಿದಾರೆ. ತಡವಾದ್ರೆ ಸರದಿ ಹೋಗುತ್ತೆ."

ಅವಳು ಕೋಣೆಯನ್ನು ನೋಡಿದಳು. ಗಲ್ಲದ ಕೆಳಗಿನ ನೀಲಿ ಬೆಳಕುಗಳು.

"ಎಲ್ಲರೂ… ಸ್ವಲ್ಪ… ಫೋನ್…" ಎಂದಳು. ಯಾರಿಗೂ ಕೇಳಿಸಲಿಲ್ಲ.

ಅಡುಗೆಮನೆಯಿಂದ ತರಕಾರಿ ಬುಟ್ಟಿ ತಂದಳು. ತಳದಲ್ಲಿ ಎರಡು ಈರುಳ್ಳಿ ಇದ್ದವು. ನಡುಮನೆಯ ಮಧ್ಯೆ ನಿಂತು, ಕಣ್ಣು ಮುಚ್ಚಿಕೊಂಡು, ಕೂಗಿದಳು.

"ಎಲ್ಲರ ಫೋನೂ ಆಫ್ ಮಾಡಿ ಇದರಲ್ಲಿ ಹಾಕಿ! ಇರೋದು ಒಂದೇ ದಾರಿ, ನೀವೆಲ್ಲ ಅದರಲ್ಲೇ ಕೂತಿದೀರಿ!"

"ಅಬ್ಬಾ," ಎಂದ ಮಾವ, ತನ್ನ ಹೊಸ ಫೋನನ್ನು ಮೊದಲು ಹಾಕುತ್ತ. "ಈರುಳ್ಳಿ ಜೊತೇಲೇ ಹಾಕಬೇಕಾ?"

ಒಬ್ಬೊಬ್ಬರಾಗಿ ಹಾಕಿದರು. ಮುಖ್ಯಸ್ಥ ಮಾತ್ರ ತಡೆದ. "ನೋಡಮ್ಮ, ಇದು ತಾಂತ್ರಿಕವಾಗಿ ಹೇಳೋದಾದ್ರೆ ಫೋನುಗಳ ಸಂಖ್ಯೆಯಿಂದಲೇ ಅಂತ…"

"ಹಾಕಿ ಸಾರ್."

ಹಾಕಿದ.

ಕಾದರು. ಫೋನು ಸುಮ್ಮನಿತ್ತು. ಅತ್ತೆ ಒಂದೇ ಸಲಕ್ಕೆ ಕೈಚೆಲ್ಲಿದರೇನೋ. ಚಾಲಕ ಹೊರಗೆ ನೋಡಿದ, ಒಳಗೆ ನೋಡಿದ. ನಾಲ್ವರು ಮಂಚದ ನಾಲ್ಕು ಕಾಲುಗಳ ಬಳಿ ಬಂದು ನಿಂತರು. ಮತ್ತೆ ಏಣಿ ಹತ್ತಿ ಹೇಳಿಬರುವಷ್ಟು ಹೊತ್ತು ಇರಲಿಲ್ಲ.

ಆಗ ಅದು ನಡುಗಿತು.

ಈ ಸಲ ಚಕ್ರ ಎರಡು ಸುತ್ತು ಸುತ್ತಿ ಬಿಟ್ಟುಕೊಟ್ಟಿತು. ಪರದೆಯ ತುಂಬ ಅತ್ತೆಯ ಮುಖ, ತೀರ ಹತ್ತಿರ, ಕೆದರಿದ ಬಿಳಿ ಕೂದಲು. ಅವಳು ಫೋನನ್ನು ತಿರುಗಿಸಿ ಅಪ್ಪನ ಮುಖದ ಮೇಲೆ ಎರಡೂ ಕೈಯಲ್ಲಿ ಹಿಡಿದಳು.

"ಕೇಳಿಸ್ತಾ?" ಎಂದಿತು ಅತ್ತೆಯ ದನಿ.

ಅತ್ತೆ ಕಾದರು.

"ಕೇಳಿಸ್ತೇನೋ?"

ಈ ಸಲ ಇನ್ನೂ ಹೆಚ್ಚು ಹೊತ್ತು ಕಾದರು. ಬಾಗಿಲಲ್ಲಿದ್ದ ಚಾಲಕ ಹೊರಗೆ ಹೋದ; ಇಂಜಿನ್ನಿನ ಗುರುಗುರು ನಿಂತಿತು.

ಅಮ್ಮ ಅಪ್ಪನ ದಿಂಬಿನ ಪಕ್ಕ ಬಗ್ಗಿ, ಬಾಯನ್ನು ಫೋನಿನ ಹತ್ತಿರ ತಂದಳು.

"ಕೇಳಿಸ್ತು ಅತ್ತಿಗೆ," ಎಂದಳು. "ನಿಮಗೆ?"

"…ಕೇಳಿಸ್ತು."

ಆಮೇಲೆ ಅತ್ತೆ ನೋಡತೊಡಗಿದರು. ಅವಳು ಕೈ ಅಲುಗಿಸದೆ ನಿಂತಳು. ಭುಜ ನೋಯತೊಡಗಿತು, ಬೆರಳು ಜೋಮುಹಿಡಿಯಿತು. ಬುಟ್ಟಿಯೊಳಗೆ ಯಾರೋ ಆಫ್ ಮಾಡದೆ ಹಾಕಿದ್ದ ಫೋನೊಂದು ಈರುಳ್ಳಿಗೆ ತಾಗಿ ಗುಂಯ್ ಎಂದಿತು, ಮತ್ತೆ ಗುಂಯ್ ಎಂದಿತು.

ಎಷ್ಟೋ ಹೊತ್ತಿನ ಮೇಲೆ ಅವಳು ಕತ್ತು ಬಗ್ಗಿಸಿ, ಕೆಳಗಿನಿಂದ ಪರದೆಯನ್ನು ಇಣುಕಿದಳು. ಅತ್ತೆಯ ಮುಖ ನಿಂತುಬಿಟ್ಟಿತ್ತು. ಕೆನ್ನೆಯತ್ತ ಎತ್ತಿದ ಕೈ ಕೆನ್ನೆಗೆ ತಲುಪದೆ ಅಲ್ಲೇ ಉಳಿದಿತ್ತು. ರೆಪ್ಪೆ ಅಲುಗುತ್ತಿರಲಿಲ್ಲ; ಮುಖದ ಮೇಲೆ ಅದೇ ಚಕ್ರ ಸುತ್ತುತ್ತಿತ್ತು. ಆ ಕಡೆಯಲ್ಲೂ ಅಪ್ಪನ ಚಿತ್ರ ಹೀಗೇ ನಿಂತಿರಬೇಕು. ಅಲುಗದ ಮುಖದ ಚಿತ್ರ ನಿಂತುಹೋದರೆ, ನೋಡುತ್ತಿರುವವರಿಗೆ ಅದು ತಿಳಿಯುವುದಾದರೂ ಹೇಗೆ.

"ನೋಡ್ತಿದಾರಾ?" ಎಂದು ಅಮ್ಮ ಪಿಸುಗುಟ್ಟಿದಳು.

"ನೋಡ್ತಿದಾರೆ."

ಅವಳು ಕೈ ಇಳಿಸಲಿಲ್ಲ.