ಮಗಳಿಗೆ ಕಲಿಸಿದ ಬಾಯಿಪಾಠ

ಒಂಟಿ ತಾಯಂದಿರಿಗೆ ಕೊಡುವ ಸಹಾಯಧನ ನನಗೆ ಬರುತ್ತದೆ. ಷರತ್ತು ಒಂದೇ, ಮನೆಯಲ್ಲಿ ಗಂಡಸಿರಬಾರದು. ಗಂಡ ಕೈಕೊಟ್ಟು ಹೋದಾಗ ತಿರುಗಿಯೂ ನೋಡದ ಸರ್ಕಾರಕ್ಕೆ, ಇನ್ನೊಬ್ಬ ಬಂದನೋ ಇಲ್ಲವೋ ಎಂದು ಮೂಗು ತೂರಿಸುವ ಚಪಲ.

ಬಂದಿದ್ದ. ಬಡಗಿ. ನಾನು ಇಸ್ತ್ರಿ ಮಾಡುವ ಲಾಂಡ್ರಿಗೆ ಮೇಜು ಮಾಡಿಕೊಡಲು ಬಂದವನು ಎಂಟು ತಿಂಗಳಿಂದ ನನ್ನ ಒಂದೇ ಕೋಣೆಯ ಮನೆಯಲ್ಲಿದ್ದ. ನನ್ನ ಸಂಬಳ ಬಾಡಿಗೆಗೇ ಸಾಲದು. ಅವನಿಗೆ ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಸಹಾಯಧನ ತಪ್ಪದಿರಲೆಂದು ಅವನ ಬಟ್ಟೆಯೆಲ್ಲ ಮಂಚದ ಕೆಳಗಿನ ಚೀಲದಲ್ಲಿ. ಆರು ವರ್ಷದ ಮಗಳಿಗೂ ಬಾಯಿಪಾಠ ಮಾಡಿಸಿದ್ದೆ: ಯಾರೇ ಕೇಳಲಿ, ಅವನು ಯಾರೋ ಗೊತ್ತಿಲ್ಲ. ಮನೆಯೊಳಗೆ ಮಾತ್ರ ಅವಳು ಅವನನ್ನು ಅಪ್ಪ ಎನ್ನತೊಡಗಿದ್ದಳು. ಮೊದಲ ಸಲ ಹಾಗೆಂದ ದಿನ ಆ ಪುಣ್ಯಾತ್ಮ ಮುಖ ತೊಳೆಯುವ ನೆಪ ಮಾಡಿ ಎದ್ದುಹೋಗಿದ್ದ.

ಒಂದು ಬೆಳಿಗ್ಗೆ ತಪಾಸಣೆಯ ಮೇಡಂ ಹೇಳದೆ ಕೇಳದೆ ಬಂದರು. ಅವನಿನ್ನೂ ಚಹಾ ಕುಡಿಯುತ್ತಿದ್ದ.

“ಕಪಾಟಿನ ಬಾಗಿಲು ರಿಪೇರಿಗೆ ಕರೆಸಿದೀನಿ ಮೇಡಂ,” ಎಂದೆ.

ಮೇಡಂ ಕುರ್ಚಿ ಎಳೆದು ಕೂತರು. ಅವನು ಲೋಟ ಕೆಳಗಿಟ್ಟು, ನೆಟ್ಟಗಿದ್ದ ಬಾಗಿಲನ್ನೇ ಬಿಚ್ಚಿ ಮತ್ತೆ ಕೂರಿಸತೊಡಗಿದ. ನಾನೇನು ಕಡಿಮೆಯೇ? “ಬೇಗ ಮುಗ್ಸಿ, ನಾನು ಕೆಲಸಕ್ಕೆ ಹೋಗ್ಬೇಕು,” ಎಂದು ಗದರಿದೆ.

ಮೇಡಂ ಮಗಳನ್ನು ಹತ್ತಿರ ಕರೆದರು. “ಈ ಮಾಮ ಯಾರು ಪುಟ್ಟಿ? ದಿನಾ ಬರ್ತಾರಾ?”

ಮಗಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಯಾರೋ ಗೊತ್ತಿಲ್ಲ. ಇವತ್ತೇ ನೋಡಿದ್ದು.”

ಒಂದಿಷ್ಟೂ ತಡವರಿಸಲಿಲ್ಲ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಅವನ ಕೈ ಸ್ಕ್ರೂ ಮೇಲೆ ಹಾಗೇ ನಿಂತದ್ದು ಆಮೇಲೆ ಕಂಡಿತು. ಮೇಡಂ ಇನ್ನೊಂದು ವರ್ಷಕ್ಕೆ ಸಹಿ ಹಾಕಿದರು. “ಬರ್ತೀನಮ್ಮ,” ಎಂದು ಅವನೂ ಹೊರಟ.

ಮೂರು ದಿನ ಪತ್ತೆಯಿಲ್ಲ. ನಾಲ್ಕನೆಯ ದಿನ ಬಂದವನು ಮಂಚದ ಕೆಳಗಿನ ಚೀಲ ಎಳೆದುಕೊಂಡ.

“ಮಗು ಅದು. ನಾನೇ ಹೇಳ್ಕೊಟ್ಟಿದ್ದು,” ಎಂದೆ.

“ಗೊತ್ತು. ಅವಳ ಮೇಲೆ ಕೋಪ ಇಲ್ಲ. ಆದ್ರೆ ಅವರು ಮತ್ತೆ ಬರ್ತಾರೆ, ಅವಳು ಮತ್ತೆ ಹಾಗೇ ಹೇಳ್ಬೇಕು. ಇನ್ನೊಂದ್ಸಲ ಕೇಳೋಕೆ ನನ್ನ ಕೈಲಾಗಲ್ಲ.”

“ಆ ದುಡ್ಡು ಬೇಡ ಅಂತ ಬರ್ಕೊಡ್ಲಾ?”

“ಬಾಡಿಗೆಗೆ ಏನ್ಮಾಡ್ತೀಯ?”

ಚೀಲದಿಂದ ಜಾರಿದ ಅವನ ಅಂಗಿಯನ್ನು ಮಡಿಸಿ ಒಳಗಿಟ್ಟೆ. ತಡೆಯಲಿಲ್ಲ.

ಅವನು ಬೀದಿ ದಾಟುವವರೆಗೂ ಮಗಳು ಹೊಸಿಲಲ್ಲೇ ನಿಂತಿದ್ದಳು. “ನಾನು ಸರಿಯಾಗೇ ಹೇಳಿದ್ನಲ್ಲಮ್ಮ?”

“ಸರಿಯಾಗೇ ಹೇಳಿದೆ ಕಂದ.”

“ಮತ್ತೆ ಅಪ್ಪ ಯಾಕೆ ಹೋದ್ರು?” ಅವಳ ದನಿ ಬೀದಿಗೆಲ್ಲ ಕೇಳುವಂತಿತ್ತು.

ಪಕ್ಕದ ಮನೆಯವಳು ಇತ್ತ ತಿರುಗಿದಳು. ನಾನು ಮಗಳ ಬಾಯಿ ಮುಚ್ಚಿ ಒಳಗೆಳೆದುಕೊಂಡೆ.