ಹನ್ನೆರಡು ಕಿಲೋ ಆರುನೂರು ಗ್ರಾಂ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಹಾಸಿಗೆ ಬಟ್ಟೆ ಒಣಗಿಸಿದವಳಿಗೆ ಒದ್ದೆ ಯಾವುದು, ಒಣಗಿದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಗಂಡನ ಆ ವಿಂಡ್‌ಸರ್ಫಿಂಗ್ ಬೋರ್ಡು ಅವಳನ್ನು ಚೆನ್ನಾಗಿಯೇ ಆಟವಾಡಿಸಿತು.

ಗಂಡ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಹತ್ತು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಬೋರ್ಡನ್ನು ಕಾರಿನ ತಲೆಗೆ ಕಟ್ಟಿ ದೊಡ್ಡ ಕೆರೆಗೆ ಹೋಗಿ, ಅದರ ಮೇಲೆ ನಿಂತು, ಹಾಯಿ ಹಿಡಿದು, ಗಾಳಿ ಕರೆದತ್ತ ಓಡಿ, ಮಧ್ಯಾಹ್ನ ಹನ್ನೆರಡಕ್ಕೆ ಮನೆಗೆ ಬರುತ್ತಿದ್ದರು. ಅವಳಿಗೆ ಕೆರೆಯೂ ಬೇಡ, ಗಾಳಿಯೂ ಬೇಡ. ಆ ಆರು ಗಂಟೆ ಮನೆ ತನ್ನದು, ಮಂಚ ತನ್ನದು. ವಾರವಿಡೀ ದುಡಿದು ಹಣ್ಣುಗಾಯಿ ನೀರುಗಾಯಿ ಆದ ಮೈ ಸೋಮವಾರ ಮತ್ತೆ ಏಳುತ್ತಿದ್ದದ್ದು ಆ ನಿದ್ದೆಯಿಂದಲೇ.

ಎರಡು ತಿಂಗಳ ಹಿಂದೆ ಬೀಸುಗಾಳಿಗೆ ಹಾಯಿಕಂಬ ಬಿದ್ದು ಬೋರ್ಡಿನ ಮೂತಿ ಒಡೆಯಿತು. ಮೇಷ್ಟ್ರು ಅದನ್ನೇ ಅಪ್ಪಿಕೊಂಡು ಕೆರೆಯ ನಡುವೆ ಎರಡು ಗಂಟೆ ತೇಲಿದರು. ಆಮೇಲೆ ದೋಣಿ ಬಂತು. ಮೈಮೇಲೆ ಒಂದು ಗೀರೂ ಇಲ್ಲ. ಸಿಕ್ಕಸಿಕ್ಕವರಿಗೆಲ್ಲ ಅದನ್ನು ನಗುನಗುತ್ತ ಹೇಳಿದರು. ಅಲ್ಲಿಂದಾಚೆ ಭಾನುವಾರ ಮನೆಯಲ್ಲೇ. "ಬೋರ್ಡ್ ಸರಿಯಾಗ್ಲಿ, ಹೋಗ್ತೀನಿ" ಎಂಬುದೇ ಮಾತು. ಮನೆಯಲ್ಲಿದ್ದವರು ಸುಮ್ಮನಿದ್ದರೆ ಒಂದು ಮಾತು. ಉಗುರು ಕತ್ತರಿ ಎಲ್ಲಿದೆ ಅನ್ನುವರು. ಅಕ್ಕರೆಯಿಂದ ಆರೂವರೆಗೇ ಟೀ ತಂದು, ಅವಳನ್ನು ಅಲುಗಾಡಿಸಿ, "ನಿದ್ದೆ ಮಾಡ್ತಿದ್ಯಾ?" ಅನ್ನುವರು. ಇಂಥ ಪ್ರಶ್ನೆಗೆ ಏನು ಉತ್ತರ ಕೊಡುವುದು?

ಕಾದು ಕಾದು ಕೊನೆಗೆ ಅವಳೇ ತೋಳೇರಿಸಿದಳು. ವಿಡಿಯೋ ನೋಡಿ ಕಲಿತಳು. ಒಡೆದ ಚಿಪ್ಪು ಕತ್ತರಿಸಿ ತೆಗೆಯಬೇಕು, ಒಳಗೆ ನೀರು ಕುಡಿದಿರುವ ಥರ್ಮೋಕೋಲನ್ನು ಒಣಗಿಸಬೇಕು, ಮೇಲೆ ಫೈಬರ್ ಬಟ್ಟೆ ಇಟ್ಟು ಅಂಟು ಬಳಿದು ಉಜ್ಜಬೇಕು. ಪೂರಾ ಒಣಗುವ ಮೊದಲು ಮುಚ್ಚಿದರೆ ಮಾತ್ರ ಮಾಡಿದ್ದೆಲ್ಲ ದಂಡ. ಒಳಗಿನ ನೀರು ಬೋರ್ಡನ್ನೇ ಕೊಳೆಸುತ್ತದೆ. ಒಣಗಿದೆಯೋ ಇಲ್ಲವೋ ತಿಳಿಯಲು ತೂಗಬೇಕು. ಸರಿಯಿದ್ದಾಗ ಬೋರ್ಡು ಹನ್ನೆರಡು ಕಿಲೋ ಇತ್ತಂತೆ. ಬಾಲ್ಕನಿಯಲ್ಲಿ ಫ್ಯಾನ್ ಇಟ್ಟು, ದಿನಾ ಸಂಜೆ ಕೆಲಸದಿಂದ ಬಂದವಳೇ, ಬಿದ್ದುಹೋಗುವ ಸೊಂಟದಲ್ಲೇ, ಅದನ್ನು ತಬ್ಬಿಕೊಂಡು ತೂಕದ ಯಂತ್ರ ಹತ್ತುವಳು. ಬಂದ ಅಂಕಿಯಿಂದ ತನ್ನ ತೂಕ ಕಳೆಯುವಳು. ಹದಿಮೂರು ನಾನೂರು. ಹದಿಮೂರು ನೂರು. ಹನ್ನೆರಡು ಎಂಟುನೂರು. ಹನ್ನೆರಡು ಆರುನೂರು. ಆಮೇಲೆ ಹನ್ನೆರಡು ಆರುನೂರು. ಮರುದಿನವೂ ಅಷ್ಟೇ. ಅದರ ಮರುದಿನವೂ.

"ಇವತ್ತೆಷ್ಟು?" ಒಳಗಿನಿಂದ ಮೇಷ್ಟ್ರ ದನಿ.

"ಅಷ್ಟೇ."

"ಛೆ. ಆತುರ ಬೇಡ ಬಿಡೇ."

ನಾಲ್ಕನೆಯ ದಿನ ಲಾಂಡ್ರಿಯಲ್ಲಿ ಬಿಸಿ ಬೆಡ್‌ಶೀಟು ಮಡಚುತ್ತಿದ್ದಾಗ ಅವಳಿಗೆ ಹೊಳೆಯಿತು. ಇಪ್ಪತ್ತೆರಡು ವರ್ಷದಲ್ಲಿ ಯಾವ ಬಟ್ಟೆಯೂ ಇಷ್ಟು ಶಿಸ್ತಾಗಿ ಒದ್ದೆ ಉಳಿದಿಲ್ಲ. ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ, ಹವೆ ಹೇಗೋ ಹಾಗೆ. ದಿನಾ ಒಂದೇ ಅಂಕಿ ಬರಬೇಕಾದರೆ ಲೆಕ್ಕ ಬಲ್ಲವರ ಕೈ ಇರಬೇಕು. ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು.

ಮಧ್ಯಾಹ್ನದ ಬಿಡುವಿಗೆ ಶಾಲೆಯಿಂದ ಬಂದಿದ್ದ ಮೇಷ್ಟ್ರು ಬಾಲ್ಕನಿಯಲ್ಲಿ ಮಂಡಿಯೂರಿದ್ದರು. ಪಕ್ಕದಲ್ಲಿ ತೂಕದ ಯಂತ್ರ. ಔಷಧಿ ಬಾಟಲಿಯ ಅಳತೆ ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಒಡೆದ ಮೂತಿಯೊಳಕ್ಕೆ ನೀರು ಸುರಿಯುತ್ತಿದ್ದರು.

ಅವಳ ಪಿತ್ತ ನೆತ್ತಿಗೇರಿತು. "ಏನ್ರೀ ಇದು?"

"ಎಷ್ಟು ಆರಿರುತ್ತೋ ಅಷ್ಟೇ ಹಾಕ್ತಿದ್ದೆ," ಎಂದರು, ಜಾಸ್ತಿ ಹಾಕದ್ದೇ ದೊಡ್ಡ ಉಪಕಾರ ಎಂಬಂತೆ. ಆಮೇಲೆ ಮುಚ್ಚಳ ಕೆಳಗಿಟ್ಟರು. "ನನ್ನ ಕೈಲಿ ಆಗಲ್ಲ ಕಣೇ. ಆವತ್ತು ದಡ ಕಾಣ್ತಿತ್ತು. ಜನ ಓಡಾಡೋದೂ ಕಾಣ್ತಿತ್ತು. ಎಷ್ಟು ಕೂಗಿದ್ರೂ ಒಬ್ಬರಿಗೂ ಕೇಳಲಿಲ್ಲ. ಈಗ ಸ್ನಾನಕ್ಕೆ ತಲೆ ಮೇಲೆ ನೀರು ಹಾಕ್ಕೊಂಡ್ರೂ ಎದೆ ಹೊಡ್ಕೊಳ್ಳುತ್ತೆ."

"ಮೊದಲೇ ಹೇಳೋಕೇನಾಗಿತ್ತು?"

"ನೀನು ಅಷ್ಟು ಸುಸ್ತಲ್ಲೂ ರಿಪೇರಿ ಮಾಡ್ತಿದ್ದೆ. ನನಗೋಸ್ಕರ."

ಸುಮ್ಮನಿದ್ದಿದ್ದರೆ ಆ ಒಳ್ಳೆಯ ಹೆಸರು ಅವಳಿಗೇ ಉಳಿಯುತ್ತಿತ್ತು. ಆದರೆ ದಣಿದವರಿಗೆ ನಾಟಕ ಆಡುವ ತ್ರಾಣ ಎಲ್ಲಿಂದ ಬರಬೇಕು? "ನಿಮಗೋಸ್ಕರ ಅಲ್ಲ ರೀ. ನನ್ನ ನಿದ್ದೆಗೋಸ್ಕರ," ಅಂದುಬಿಟ್ಟಳು. ಭಾನುವಾರ, ಆರು ಗಂಟೆ, ಟೀ, ಉಗುರು ಕತ್ತರಿ ಎಲ್ಲ ಒಂದರ ಹಿಂದೊಂದು ಹೊರಬಿತ್ತು. ಹೇಳುತ್ತ ಹೇಳುತ್ತ ಅತ್ತಳು. ಮೇಷ್ಟ್ರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು.

ಆ ಭಾನುವಾರ ಆರಕ್ಕೆ ಅವರು ಶೂ ಹಾಕಿಕೊಂಡರು. "ನೀನು ಮಲ್ಕೋ. ನಾನು ಹೊರಗೆ ಹೋಗಿ ಹನ್ನೆರಡಕ್ಕೆ ಬರ್ತೀನಿ."

"ಎಲ್ಲಿಗೆ?"

"ಎಲ್ಲಿಗಾದ್ರೂ. ಊರಲ್ಲಿ ಜಾಗಕ್ಕೇನು ಬರ?"

ಬಾಗಿಲು ಮೆಲ್ಲಗೆ ಮುಚ್ಚಿತು. ಮನೆ ಅವಳದಾಯಿತು, ಮಂಚವೂ ಅವಳದಾಯಿತು. ಗೋಡೆಯ ಕಡೆ ಹೊರಳಿ, ಮೆಟ್ಟಿಲಿಳಿಯುವ ಸದ್ದಿಗಾಗಿ ಕಾದಳು. ಮೂರನೆಯ ಮಹಡಿ; ಆ ಮೆಟ್ಟಿಲ ಮೇಲೆ ಬೆಕ್ಕು ನಡೆದರೂ ಒಳಗೆ ಕೇಳುತ್ತದೆ. ಏಳಾಯಿತು, ಎಂಟಾಯಿತು. ಸದ್ದಿಲ್ಲ. ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ಒಂಬತ್ತೂವರೆಗೆ ಎದ್ದು ಬಾಗಿಲು ತೆಗೆದಳು.

ಮೇಷ್ಟ್ರು ಮೇಲಿನ ಮೆಟ್ಟಿಲ ಮೇಲೆಯೇ ಗೋಡೆಗೊರಗಿ ಕೂತಿದ್ದರು.

"ಹೋಗ್ಲೇ ಇಲ್ವಾ?"

"ಎಲ್ಲಿಗೆ ಹೋಗೋದು ಅಂತ ಯೋಚಿಸ್ತಾ ಕೂತೆ. ಒಂದೂ ಹೊಳೀಲಿಲ್ಲ." ಅವರು ಅವಳ ಮುಖವನ್ನು ಆಸೆಯಿಂದ ನೋಡಿದರು. "ಸದ್ದು ಮಾಡಲಿಲ್ಲ ನಾನು. ನಿದ್ದೆ ಬಂತಾ?"

ಅವಳು ತಣ್ಣಗಿದ್ದ ಮೆಟ್ಟಿಲ ಮೇಲೆ ಅವರ ಪಕ್ಕ ಕೂತಳು.

"ಬಂತು ರೀ," ಅಂದಳು. "ಒಳ್ಳೇ ನಿದ್ದೆ."