ಕೊನೇ ಹಾಪರಿನ ಬೂದಿ

ಬೆಳ್ಳಾವಿಯ ಹೊಂಬಾಳಮ್ಮ ಹದಿನಾರು ವರ್ಷದಿಂದ ಬೂದಿಯ ಜೊತೆ ಏಗುತ್ತಿದ್ದಳು. ಕೋರ ಊರಿನ ಆಚೆ, ಕಲ್ಲಿದ್ದಲ ಪುಡಿ ಉರಿಸುವ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ಬೂದಿಯನ್ನು ಚೀಲಕ್ಕೆ ತುಂಬುವುದು ಅವಳ ಕೆಲಸ. ತಲೆಯಲ್ಲಿ, ಸೆರಗಿನಲ್ಲಿ, ಬುತ್ತಿಯ ಡಬ್ಬಿಯಲ್ಲಿ ಎಲ್ಲೆಲ್ಲೂ ಬೂದಿ. ಕೆಮ್ಮು ಬಂದಾಗಲೆಲ್ಲ ಅದಕ್ಕೆ ಹಿಡಿಶಾಪ ಹಾಕುತ್ತಿದ್ದಳು.

ಅಂಥ ಬೂದಿಯನ್ನು ಕೇಳಿಕೊಂಡು ತುಮಕೂರಿನ ಕಾಲೇಜಿನಿಂದ ರಸಾಯನಶಾಸ್ತ್ರದ ಮೇಡಂ ಅನುಪಮಾ ಬಂದಾಗ ಅವಳಿಗೆ ನಗು ಬಂತು. ಪ್ಲಾಸ್ಟಿಕ್ಕಿಗೆ ಬೂದಿ ಬೆರೆಸಿದರೆ ಪ್ಲಾಸ್ಟಿಕ್ ಕಡಿಮೆ ಸಾಕು, ಮಾಡಿದ ವಸ್ತು ಗಟ್ಟಿಯೂ ಆಗುತ್ತದೆ ಎಂಬುದು ಅನುಪಮಾಳ ನಂಬಿಕೆ. ಕುಣಿಗಲ್‌ನಲ್ಲಿ ಪ್ಲಾಸ್ಟಿಕ್ ಕ್ರೇಟ್ ಮಾಡುವ ರೇಣುಕಾಪ್ರಸಾದ್ ಪ್ರಯೋಗಕ್ಕೆ ತನ್ನ ಮೆಷಿನ್ನನ್ನೇ ಬಿಟ್ಟುಕೊಟ್ಟಿದ್ದ. ಆದರೆ ಮೂರು ಸಲವೂ ಕ್ರೇಟು ಹಪ್ಪಳದಂತೆ ಮುರಿಯಿತು.

ನಾಲ್ಕನೆಯ ಸಲ ಬಂದಾಗ ಅನುಪಮಾಳ ಮುಖ ಬಾಡಿತ್ತು.

“ಯಾವ್ ಬೂದಿ ತಗೊಂಡೋಗಿದ್ರಿ ಮೇಡಮ್ಮೋರೆ?” ಹೊಂಬಾಳಮ್ಮ ಕೇಳಿದಳು.

“ಅದೇ ಕಣಮ್ಮಾ, ಬಾಯ್ಲರ್ ಕೆಳಗಿಂದು. ಎಲ್ಲಾ ಒಂದೇ ಅಲ್ವಾ?”

“ಎಲ್ಲಾದ್ರೂ ಒಂದೇ ಆಯ್ತದಾ! ತಳದಾಗೆ ಬೀಳೋದು ತರಿತರಿ, ಮರಳಿದ್ದಂಗೆ. ಹೊಗೆ ಜೊತೆ ಓಡೋಗಿ ಚಿಮಣಿ ಪಕ್ಕದ ಕೊನೇ ಹಾಪರ್‌ಗೆ ಬೀಳ್ತದಲ್ಲ, ಅದೇ ಬ್ಯಾರೆ. ಮುಟ್ಟಿ ನೋಡಿ.”

ಆಲಿಕೆಯಂಥ ಆ ಹಾಪರ್ ತೊಟ್ಟಿಯ ಬಾಯಿಂದ ಹಿಡಿ ಬೂದಿ ತಂದು ಅನುಪಮಾಳ ಅಂಗೈಗೆ ಸುರಿದಳು. ಅದು ನೀರಿನಂತೆ ಬೆರಳ ಸಂದಿಯಿಂದ ಹರಿದುಹೋಯಿತು. ಅನುಪಮಾ ಬೆರಗಾಗಿ, “ನೀವೂ ನಂಜೊತೆ ಬನ್ನಿ” ಎಂದು ಅವಳನ್ನು ಕಾಲೇಜಿಗೇ ಕರೆದೊಯ್ದಳು.

ಹೊಂಬಾಳಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮೊದಲು ಬರೀ ಮಂಜು. ಅನುಪಮಾ ತಿರುಪು ತಿರುಗಿಸಿದಳು. ಕಣಕಣವೂ ದುಂಡಗೆ, ತಿದ್ದಿದ ಗಾಜಿನ ಮಣಿ! ದೊಡ್ಡ ಮಣಿಯ ಹೊಟ್ಟೆಯೊಳಗೆ ಪುಟ್ಟ ಪುಟ್ಟ ಮಣಿಗಳು.

“ಯಾರು ಮಾಡಿದ್ದು ಇವನ್ನ?”

“ಯಾರೂ ಅಲ್ಲಮ್ಮ. ಬೆಂಕೀಲಿ ಕರಗಿ, ಹೊಗೇಲಿ ತೇಲ್ತಾ ತೇಲ್ತಾ ತಣ್ಣಗಾಗುತ್ತಲ್ಲ, ಆಗ ತಾನಾಗೇ ದುಂಡಗಾಗುತ್ತೆ. ದುಂಡಗಿದ್ರೆ ಪ್ಲಾಸ್ಟಿಕ್ ಒಳಗೆ ಸಲೀಸಾಗಿ ಹರಡ್ಕೊಳುತ್ತೆ.”

ಹೊಂಬಾಳಮ್ಮ ಮತ್ತೆ ಸೂಕ್ಷ್ಮದರ್ಶಕಕ್ಕೆ ಬಾಗಿದಳು. ಇಷ್ಟು ವರ್ಷ ಚೀಲಗಟ್ಟಲೆ ತುಂಬಿ ಗುಂಡಿಗೆ ಸುರಿದದ್ದು ಇದನ್ನೇ. ಅವಳ ಕಣ್ಣು ಒದ್ದೆಯಾಯಿತು.

ಮುಂದಿನ ವಾರ ಕುಣಿಗಲ್‌ನಲ್ಲಿ, ಆ ಬೂದಿಯನ್ನು ಚೆನ್ನಾಗಿ ಒಣಗಿಸಿ, ಬೆರೆಸಿ, ಮೆಷಿನ್ನಿಗೆ ಹಾಕಿದರು. ಬೂದುಬಣ್ಣದ ಕ್ರೇಟು ಹೊರಬಂತು. ಅದು ಆರಿದ ಮೇಲೆ ರೇಣುಕಾಪ್ರಸಾದ್ ಗುಬ್ಬಿಯಿಂದ ಬಂದಿದ್ದ ತೆಂಗಿನಕಾಯಿ ತುಂಬಿಸಿ ಲಾರಿಯ ಮೇಲಿಂದ ತಳ್ಳಿಸಿದ. ದಢಾರ್ ಎಂದು ಬಿತ್ತು. ಕಾಯಿಗಳು ದಿಕ್ಕಾಪಾಲಾಗಿ ಉರುಳಿದವು. ಕ್ರೇಟಿನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ.

“ಶಿವಶಿವಾ! ಇದ್ರಲ್ಲಿ ಕಾಲುಭಾಗ ಬೂದಿನಾ?” ಎಂದು ಅವನು ಕ್ರೇಟಿನ ಮೇಲೆ ತಾನೇ ಹತ್ತಿ ನಿಂತ.

ಈಗ ಹೊಂಬಾಳಮ್ಮ ಕುಣಿಗಲ್‌ನಲ್ಲೇ ಕೆಲಸಕ್ಕಿದ್ದಾಳೆ. ಬಂದ ಪ್ರತಿ ಲೋಡಿಗೂ ಕೈ ಹಾಕಿ, “ಇದಾಯ್ತದೆ, ಇದಾಗಕಿಲ್ಲ” ಅನ್ನುತ್ತಾಳೆ. ಅದನ್ನೇ ಅನುಪಮಾ ಕಾಲೇಜಿನ ಯಂತ್ರದಲ್ಲಿ ಪರೀಕ್ಷಿಸುತ್ತಾಳೆ. ಇಬ್ಬರ ಉತ್ತರ ಇದುವರೆಗೆ ಒಮ್ಮೆಯೂ ಬೇರೆಯಾಗಿಲ್ಲ.